ಹಳೇ ವಾದ್ಯ ಮುಟ್ಟೋಕೆ ಆಗ್ತಿಲ್ವಾ? ಹಾಡು ಬರೆಯುವವರಿಗೆ ಹೊಸ ವಾದ್ಯದ ದಾರಿ

ಇದು ತಾವೇ ಹಾಡು ಬರೆದು, ತಾವೇ ನುಡಿಸಿಕೊಂಡು ಹಾಡುವವರಿಗೆ. ಅದರಲ್ಲೂ ಮನೆಯಲ್ಲಿ ಒಂದು ಸಾವು, ಮುರಿದ ಮದುವೆ, ದೊಡ್ಡ ಕಾಯಿಲೆ, ಹೀಗೆ ಏನೋ ಒಂದು ಆಗಿ ಆಮೇಲೆ ಗಿಟಾರ್ ಕಡೆ ತಿರುಗಿಯೂ ನೋಡದೆ ಕೂತಿರುವವರಿಗೆ. ಕೈಗೆತ್ತಿಕೊಂಡರೆ ಅದೇ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಅದೇ ಹಳೇ ಹಾಡು, ಆ ಹಾಡನ್ನು ಮೊದಲು ಕೇಳಿದವರ ಮುಖ. ಎರಡು ನಿಮಿಷಕ್ಕೆ ಕೆಳಗಿಡುತ್ತೀರಿ.

"ದಿನಾ ಪ್ರಾಕ್ಟೀಸ್ ಮಾಡು, ತಾನಾಗೇ ಸರಿಹೋಗುತ್ತೆ" ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಅದನ್ನು ಹೇಳಲ್ಲ. ಗಿಟಾರನ್ನು ಸ್ವಲ್ಪ ದಿನ ಚೀಲದೊಳಗೆ ಹಾಕಿ ಇಟ್ಟುಬಿಡಿ. ನಿಮ್ಮ ಕೈಗೆ ಏನೇನೂ ಗೊತ್ತಿಲ್ಲದ ಒಂದು ಸಣ್ಣ ವಾದ್ಯ ಹಿಡಿಯಿರಿ. ಗೊತ್ತಿಲ್ಲದ್ದು ಅನ್ನೋದೇ ಇಲ್ಲಿ ಮುಖ್ಯ. ವರ್ಷಗಟ್ಟಲೆ ನುಡಿಸಿದ ವಾದ್ಯದ ಮೇಲೆ ಬೆರಳು ಯೋಚನೆ ಮಾಡದೆ ಓಡುತ್ತದೆ, ಅದು ಓಡಿದ ಕಡೆಗೇ ಹಾಡೂ ಹೋಗುತ್ತದೆ, ಹಾಡು ಹೋದ ಕಡೆ ಮನಸ್ಸು. ಹೊಸ ವಾದ್ಯದಲ್ಲಿ ಪ್ರತಿ ಸ್ವರವನ್ನೂ ತಡಕಿ ಹುಡುಕಬೇಕು. ಹುಡುಕುವಾಗ ಬೇರೆ ಯೋಚನೆಗೆ ಜಾಗ ಕಡಿಮೆ.

ಕೆನಡಾದ ಹಾಡುಗಾರ್ತಿ ಜೋನಿ ಮಿಚೆಲ್ ಅವರನ್ನೇ ನೋಡಿ. ಒಂಬತ್ತನೇ ವಯಸ್ಸಿಗೆ ಪೋಲಿಯೊ ಬಂದು ಎಡಗೈಯ ಬಲ ತಗ್ಗಿತ್ತು. ಎಲ್ಲರೂ ಒತ್ತುವ ಹಾಗೆ ಕಾರ್ಡ್ ಒತ್ತೋದು ಕಷ್ಟ. ಅದಕ್ಕೆ ಗಿಟಾರ್ ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡು ನುಡಿಸಿದರು. 1970ರಲ್ಲಿ, ಒಂದು ಪ್ರೀತಿ ಮುರಿದ ಹೊತ್ತಿನಲ್ಲಿ, ಯುರೋಪ್ ಸುತ್ತಲು ಹೋದಾಗ ಹಗುರ ಅಂತ ಡಲ್ಸಿಮರ್ ಒಯ್ದರು. ತೊಡೆ ಮೇಲೆ ಅಡ್ಡ ಇಟ್ಟುಕೊಂಡು ನುಡಿಸುವ ತಂತಿವಾದ್ಯ ಅದು. 1971ರ ಅವರ ಆಲ್ಬಮ್‌ನ ಕೆಲವು ಹಾಡುಗಳು ನಿಂತಿರೋದೇ ಅದರ ಮೇಲೆ. ಇಂಗ್ಲೆಂಡಿನ ರಾಬರ್ಟ್ ವ್ಯಾಟ್ ಡ್ರಮ್ಸ್ ಬಾರಿಸುತ್ತಾ ಹಾಡುತ್ತಿದ್ದವರು. 1973ರಲ್ಲಿ ಮಹಡಿ ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕಾಲು ಆಡದೆ ಡ್ರಮ್ ಕಿಟ್ ನುಡಿಸೋಕೆ ಆಗಲ್ಲ. ಕೀಬೋರ್ಡ್ ಮುಂದೆ ಕೂತರು, ಹಾಡಿದರು, 1974ರಲ್ಲಿ ಆಲ್ಬಮ್ ಬಂತು. ಇಬ್ಬರೂ ಹೊಸ ವಾದ್ಯದಲ್ಲಿ ಪಂಡಿತರಾಗೋಕೆ ಕಾಯಲಿಲ್ಲ. ಹಾಡಿಗೆ ಎಷ್ಟು ಬೇಕೋ ಅಷ್ಟು ಕಲಿತು ಹಾಡಿದರು. ನಮಗೂ ಅಷ್ಟು ಸಾಕು.

ಮೊದಲು ಮೈ ಕೇಳಿ

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಮೈ ಈಗ ಹೇಗಿದೆ ನೋಡಿಕೊಳ್ಳಿ. ಮಣಿಕಟ್ಟು ನೋವಿದ್ದರೆ, ಬೆರಳಿಗೆ ಪೆಟ್ಟಾಗಿದ್ದರೆ ಉಕ್ಕಿನ ತಂತಿ ಬೇಡ. ಮರದ ಮೈ ಮೇಲೆ ಸಾಲಾಗಿ ಕೂಡಿಸಿದ ಲೋಹದ ಪಟ್ಟಿಗಳನ್ನು ಹೆಬ್ಬೆರಳಲ್ಲೇ ಮೀಟಿ ನುಡಿಸುವ ಕಲಿಂಬಾ, ಅಥವಾ ಒಂದೇ ಬೆರಳಲ್ಲಿ ಮೀಟುವ ಏಕತಾರಿ ನೋಡಿ. ಒಂದು ಕೈ ಮಾತ್ರ ಆಡುತ್ತಿದ್ದರೂ ಕಲಿಂಬಾವನ್ನು ಮೇಜಿನ ಮೇಲೆ ಇಟ್ಟು ನುಡಿಸಬಹುದು. ಹೊಟ್ಟೆಯ ಆಪರೇಷನ್ ಆಗಿದ್ದರೆ ಗಟ್ಟಿಯಾಗಿ ಹಾಡೋದು, ಕೊಳಲು ಊದೋದು ಎರಡನ್ನೂ ಡಾಕ್ಟರ್ ಹೂಂ ಅನ್ನುವವರೆಗೆ ಮುಂದಕ್ಕೆ ಹಾಕಿ.

ಕೊಳಲಿನ ಬಗ್ಗೆ ಇನ್ನೊಂದು ಮಾತು. ದುಃಖದಲ್ಲಿರುವವರಿಗೆ ಕೊಳಲು ಬಹಳ ಇಷ್ಟ ಆಗುತ್ತದೆ, ನನಗೂ ಇಷ್ಟ. ಆದರೆ ಊದುತ್ತಾ ಹಾಡೋಕೆ ಬರಲ್ಲ, ಅಲ್ವಾ? ಹಾಡು ಬರೆಯೋದು ನಿಮ್ಮ ಗುರಿ ಆದರೆ ಬಾಯಿ ಖಾಲಿ ಇರುವ ವಾದ್ಯವೇ ಒಳ್ಳೆಯದು.

ಆಮೇಲೆ ಮನೆ. ಬಾಡಿಗೆ ಮನೆಯ ತೆಳು ಗೋಡೆ, ಪಿಜಿಯ ರೂಮು, ಮಲಗಿರುವ ಮಗು, ಇವೆಲ್ಲಾ ಲೆಕ್ಕಕ್ಕೆ ಬರುತ್ತವೆ. ಅಮ್ಮ ತೀರಿಕೊಂಡ ಮೇಲೆ ನಾನು ಹಿಡಿದದ್ದು ಕಲಿಂಬಾ. ಕಾರಣ ದೊಡ್ಡದೇನಲ್ಲ. ಮನೆ ತುಂಬ ನೆಂಟರು, ರಾತ್ರಿ ಹೊತ್ತು ಯಾರನ್ನೂ ಎಬ್ಬಿಸದೆ ನುಡಿಸಬಹುದಾದದ್ದು ಅದೊಂದೇ. ಸೂತಕ ಕಳೆಯುವವರೆಗೆ ಹಾಡು-ಗೀಡು ಬೇಡ ಅನ್ನುವ ಹಿರಿಯರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಟೆರೇಸಿಗೆ ಹೋಗಿ, ಇಲ್ಲವೇ ಆ ಕೆಲವು ದಿನ ಸುಮ್ನೆ ಬಿಟ್ಟುಬಿಡಿ. ಹಾಡು ಎಲ್ಲೂ ಓಡಿಹೋಗಲ್ಲ.

ಶ್ರುತಿ ಹಿಡಿದು ಕೂರಿ

ಏನೂ ಕೊಳ್ಳುವ ಮೊದಲೇ ಶುರು ಮಾಡಬಹುದಾದ ಕೆಲಸ ಇದು. ಫೋನಿನಲ್ಲಿ ತಾನ್ಪುರ ಆ್ಯಪ್ ಹಾಕಿಕೊಳ್ಳಿ, ಅಥವಾ ಅಟ್ಟದ ಮೇಲೆ ಯಾರದೋ ಹಳೇ ಶ್ರುತಿ ಪೆಟ್ಟಿಗೆ ಇದ್ದರೆ ಇಳಿಸಿಕೊಳ್ಳಿ. ಕಣ್ಣು ಮುಚ್ಚಿ ಒಂದು ಸ ಹಿಡಿಯಿರಿ. ಅಷ್ಟೇ.

ಇಲ್ಲಿ ಒಂದು ವಿಷಯ ಗಮನಿಸಿ. ತಿಂಗಳುಗಟ್ಟಲೆ ಹಾಡದೆ ಇದ್ದವರ, ಬಹಳ ಅತ್ತವರ, ಕಾಯಿಲೆಯಿಂದ ಎದ್ದವರ ಗಂಟಲು ಮೊದಲಿನ ಎತ್ತರಕ್ಕೆ ಹೋಗದೆ ಇರಬಹುದು. ಮೊದಲು ಕಪ್ಪು ಎರಡಕ್ಕೆ (ಹಾರ್ಮೋನಿಯಂ ಕೀಗಳ ಬಣ್ಣ, ಎಣಿಕೆಯಿಂದ ಶ್ರುತಿಗೆ ಇಟ್ಟ ಹೆಸರು) ಹಾಡುತ್ತಿದ್ದವರು ಈಗ ಅದಕ್ಕಿಂತ ಕೆಳಗಿನ ಬಿಳಿ ಒಂದಕ್ಕೆ, ಇನ್ನೂ ಕೆಳಗೆ ಇಳಿದರೂ ನಾಚಿಕೆ ಬೇಡ. ಹಳೇ ಶ್ರುತಿಯನ್ನೇ ಹಿಡಿದು ಎಳೆದಾಡಿದರೆ ಗಂಟಲು ಕೆಡುತ್ತದೆ, ಹಾಡು ಹಳೇ ಹಾಡಿನ ಸವಕಲು ನಕಲಾಗುತ್ತದೆ. ಕೆಳಗಿನ ಶ್ರುತಿಯಲ್ಲಿ ನಿಮ್ಮ ದನಿಯ ಬೇರೆಯೇ ಒಂದು ಬಣ್ಣ ಸಿಗುತ್ತದೆ. ಅದನ್ನು ಇಟ್ಟುಕೊಳ್ಳಿ.

ಒಂದೇ ಸ್ವರದ ಮೇಲೆ ಹಾಡು ನಿಲ್ಲುತ್ತಾ ಅಂತ ಅನುಮಾನ ಇರುವವರು ನಮ್ಮ ಕಡೆಯ ಹಾಡುಗಾರರನ್ನು ನೆನೆಸಿಕೊಳ್ಳಿ. ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ, ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ, ಎಲ್ಲಮ್ಮನ ಹಾಡು ಹೇಳುವ ಜೋಗತಿಯರ ಕೈಯಲ್ಲಿ ಚೌಡಿಕೆ. ಚೌಡಿಕೆಗೆ ಇರೋದು ಒಂದೇ ತಂತಿ. ರಾತ್ರಿಯಿಡೀ ಕಥೆ ನಡೆಯುತ್ತದೆ. ಕಾರ್ಡ್ ಬದಲಿಸಿದರೆ ಮಾತ್ರ ಹಾಡು ಮುಂದೆ ಹೋಗುತ್ತದೆ ಅನ್ನೋದು ಗಿಟಾರ್ ನಮಗೆ ಅಂಟಿಸಿದ ಅಭ್ಯಾಸ.

ಕಲಿಂಬಾ: ಐದು ಸ್ವರ, ಐದು ರಾಗ

ನನ್ನ ಕೇಳಿದರೆ ಮೊದಲ ವಾದ್ಯ ಇದೇ ಆಗಲಿ. ಇದರ ಮೂಲ ಆಫ್ರಿಕಾ. ಜಿಂಬಾಬ್ವೆಯ ಕಡೆ ಎಂಬಿರಾ ಅನ್ನುವ ವಾದ್ಯ ಇದೆ, ಅದನ್ನು ನೋಡಿ 1950ರ ದಶಕದಲ್ಲಿ ಹ್ಯೂ ಟ್ರೇಸಿ ಅನ್ನುವವರು ಮಾರಾಟಕ್ಕೆ ಅಂತ ಮಾಡಿದ್ದು ಕಲಿಂಬಾ. ಈಗ ಜಾಸ್ತಿ ಸಿಗೋದು 17 ಪಟ್ಟಿಯದ್ದು, ಸಿ ಶ್ರುತಿಗೆ, ಅಂದರೆ ನಮ್ಮ ಬಿಳಿ ಒಂದಕ್ಕೆ ಕೂಡಿಸಿರುತ್ತಾರೆ.

ನಡುವಿನ ಉದ್ದದ ಪಟ್ಟಿ ಸ. ಅದರ ಎಡಗಡೆಯದು ರಿ, ಬಲಗಡೆಯದು ಗ, ಮತ್ತೆ ಎಡಕ್ಕೆ ಮ, ಬಲಕ್ಕೆ ಪ. ಹೀಗೆ ಎಡ-ಬಲ ಹಾರುತ್ತಾ ಮೇಲೆ ಹೋಗುತ್ತದೆ. ಶಂಕರಾಭರಣ ರಾಗದ ಸ್ವರಗಳು, ಹಿಂದೂಸ್ತಾನಿಯವರಿಗೆ ಬಿಲಾವಲ್. ಗಿಟಾರ್, ಕೀಬೋರ್ಡ್ ಎರಡರ ಕೈಗೂ ಈ ಎಡ-ಬಲ ಆಟ ಹೊಸದು. ಹಾಗಾಗಿ ಹಳೇ ಹಾಡು ತಾನಾಗಿ ಬೆರಳಿಗೆ ಬರಲ್ಲ. ಪಕ್ಕಪಕ್ಕದ ಮೂರು ಪಟ್ಟಿಯ ಮೇಲೆ ಹೆಬ್ಬೆರಳು ಜಾರಿಸಿದರೆ ಕಾರ್ಡ್ ತಾನಾಗಿ ಬರುತ್ತದೆ: ನಡುವಿನಿಂದ ಬಲಕ್ಕೆ ಸ-ಗ-ಪ.

ಈಗ ಸಣ್ಣ ಸ್ಟಿಕರ್ ತಗೊಂಡು ಎಲ್ಲಾ ಮ ಮತ್ತು ನಿ ಪಟ್ಟಿಗಳ ಮೇಲೆ ಅಂಟಿಸಿ. ಅವನ್ನು ಮುಟ್ಟಬೇಡಿ. ಉಳಿದದ್ದು ಸ ರಿ ಗ ಪ ದ, ಅಂದರೆ ಮೋಹನ ರಾಗ, ಹಿಂದೂಸ್ತಾನಿಯ ಭೂಪ್. ಯಾವ ಪಟ್ಟಿ ಮುಟ್ಟಿದರೂ ಅಪಸ್ವರ ಇಲ್ಲ. ಮಜಾ ಇರೋದು ಇನ್ನು ಮುಂದೆ. ಸ್ಟಿಕರ್ ಹಾಗೇ ಇರಲಿ, ಆದರೆ ತಾನ್ಪುರ ಆ್ಯಪನ್ನು ಡಿ ಸ್ವರಕ್ಕೆ ಬದಲಿಸಿ, ರಿ ಪಟ್ಟಿಯನ್ನೇ ಸ ಅಂದುಕೊಂಡು ನುಡಿಸಿ. ಮಧ್ಯಮಾವತಿ ಆಯಿತು. ಗ ಪಟ್ಟಿಯನ್ನು ಸ ಮಾಡಿಕೊಂಡರೆ ಹಿಂದೋಳ, ಉತ್ತರದವರ ಮಾಲ್ಕೌಂಸ್. ಅದರಲ್ಲಿ ಪಂಚಮ ಇಲ್ಲ, ಆದ್ದರಿಂದ ತಾನ್ಪುರದಲ್ಲಿ ಪ ಬದಲು ಮ ಇಡಿ. ಪ ಪಟ್ಟಿಯಿಂದ ಹೊರಟರೆ ಶುದ್ಧ ಸಾವೇರಿ, ದ ಪಟ್ಟಿಯಿಂದ ಶುದ್ಧ ಧನ್ಯಾಸಿ. ಸಂಗೀತದವರು ಇದಕ್ಕೆ ಗ್ರಹಭೇದ ಅನ್ನುತ್ತಾರೆ. ಸ್ವರ ಅವೇ ಐದು, ಶ್ರುತಿ ಬದಲಾದ ಕೂಡಲೇ ಮನಸ್ಸಿನ ಹವೆಯೇ ಬದಲು. ಒಂದು ವಾರ ಒಂದೇ ರಾಗದಲ್ಲಿ ಇರಿ, ಮುಂದಿನ ವಾರ ಇನ್ನೊಂದು. ಕಲಿಂಬಾದಲ್ಲಿ ಗಮಕ (ಸ್ವರವನ್ನು ತೂಗಿ, ಜಾರಿಸಿ ನುಡಿಸೋದು) ಬರಲ್ಲ, ಸರಿ. ಅದನ್ನು ನಿಮ್ಮ ಗಂಟಲು ನೋಡಿಕೊಳ್ಳಲಿ.

ಶ್ರುತಿ ತಪ್ಪಿದ್ದರೆ ಜೊತೆಗೆ ಬರುವ ಸಣ್ಣ ಸುತ್ತಿಗೆಯಿಂದ ಪಟ್ಟಿಯನ್ನು ಮೆಲ್ಲಗೆ ತಟ್ಟಬೇಕು. ನುಡಿಸುವ ತುದಿ ಗಿಡ್ಡ ಆದರೆ ಸ್ವರ ಏರುತ್ತದೆ, ಉದ್ದ ಆದರೆ ಇಳಿಯುತ್ತದೆ. ಒಂದೊಂದೇ ಏಟು ಹಾಕಿ, ಟ್ಯೂನರ್ ನೋಡಿ, ಮತ್ತೆ ಒಂದು.

ಉಳಿದವು

ಯುಕುಲೇಲಿ, ಅಂದರೆ ನಾಲ್ಕು ತಂತಿಯ ಪುಟ್ಟ ಗಿಟಾರಿನಂಥ ವಾದ್ಯ, ಎಲ್ಲರೂ ಹೇಳುವ ಮೊದಲ ಹೆಸರು. ನೈಲಾನ್ ತಂತಿ, ಬೆರಳು ಅಷ್ಟಾಗಿ ನೋಯಲ್ಲ, ಒಂದೇ ಬೆರಳಲ್ಲಿ ಸಿ ಮೇಜರ್ ಕಾರ್ಡ್ ಬರುತ್ತದೆ: ಮೊದಲ ತಂತಿ, ಮೂರನೇ ಫ್ರೆಟ್ (ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್). ನಾಲ್ಕನೇ ತಂತಿಯ ಎರಡನೇ ಫ್ರೆಟ್ ಒತ್ತಿದರೆ ಎ ಮೈನರ್. ಆದರೆ ಗಿಟಾರಿನವರಿಗೆ ಒಂದು ಎಚ್ಚರಿಕೆ. ಗಿಟಾರಿನ ಕೆಳಗಿನ ನಾಲ್ಕು ತಂತಿಗೆ ಐದನೇ ಫ್ರೆಟ್ಟಿನಲ್ಲಿ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದರೆ ಬರುವ ಸ್ವರಗಳೇ ಯುಕುಲೇಲಿಯವು. ಜಿ ತಂತಿ ಮಾತ್ರ ಒಂದು ಸ್ಥಾಯಿ ಮೇಲೆ. ಹಾಗಾಗಿ ಕೈ ಮೊದಲ ದಿನವೇ ಗುರುತು ಹಿಡಿದುಬಿಡುತ್ತದೆ, ನೀವು ತಪ್ಪಿಸಿಕೊಂಡು ಬಂದ ಹಾಡುಗಳೇ ಸಣ್ಣ ದನಿಯಲ್ಲಿ ವಾಪಸ್ ಬರುತ್ತವೆ. ಕೀಬೋರ್ಡಿನವರಿಗೆ, ಬರೀ ಹಾಡುವವರಿಗೆ ಯುಕುಲೇಲಿ ಚೆನ್ನ. ಹೊಸ ನೈಲಾನ್ ತಂತಿ ಮೊದಮೊದಲು ಎಳೆದುಕೊಳ್ಳುತ್ತಾ ಶ್ರುತಿ ಇಳಿಯುತ್ತಲೇ ಇರುತ್ತದೆ. ವಾದ್ಯ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ಹಾರ್ಮೋನಿಯಂ ನಮ್ಮಲ್ಲಿ ಭಜನೆ ಮನೆ, ನಾಟಕ ಕಂಪನಿ, ದೇವಸ್ಥಾನ, ಎಲ್ಲಾ ಕಡೆ ಇದೆ. ಆಕಾಶವಾಣಿ 1940ರಿಂದ 1971ರವರೆಗೆ ಇದನ್ನು ಹತ್ತಿರ ಸೇರಿಸಿರಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರೋಕೆ ಬರಲ್ಲ ಅನ್ನೋದು ಅದರ ಮೇಲಿನ ದೂರು. ಹಾಡು ಬರೆಯುವವರಿಗೆ ಅದರಿಂದ ತೊಂದರೆ ಇಲ್ಲ. ಉಸಿರು ಕಟ್ಟಿದ ಹಾಗೆ ಇರುವವರಿಗೆ ನಾನು ಹಾರ್ಮೋನಿಯಂ ಹೇಳೋದು ತಿದಿಯ ಕಾರಣಕ್ಕೆ. ಎಡಗೈಯಲ್ಲಿ ತಿದಿ ಎಳೆಯುತ್ತಾ ಬಲಗೈಯಲ್ಲಿ ಸ ಮತ್ತು ಪ ಮಾತ್ರ ಒತ್ತಿ ಹಿಡಿದುಕೊಂಡು ಕೂತರೆ, ನಿಮ್ಮ ಉಸಿರೂ ನಿಧಾನಕ್ಕೆ ತಿದಿಯ ಲಯಕ್ಕೆ ಬರುತ್ತದೆ. ಹಳೇ ಪೆಟ್ಟಿಗೆ ಕೊಳ್ಳುವಾಗ ತಿದಿ ತುಂಬ ಗಾಳಿ ತುಂಬಿ, ಯಾವ ಮನೆಯನ್ನೂ (ಬೆರಳಿಂದ ಒತ್ತುವ ಕೀ) ಒತ್ತದೆ ಬಿಡಿ. ಬುಸ್ಸೆಂದು ಇಳಿದರೆ ಎಲ್ಲೋ ಸೋರುತ್ತಿದೆ. ತಾನಾಗಿ ಒಂದು ಸ್ವರ ಕೂಗುತ್ತಿದ್ದರೆ ಆ ಮನೆ ಪೂರ್ತಿ ಮುಚ್ಚುತ್ತಿಲ್ಲ. ಆಮೇಲೆ ಎಡ ತುದಿಯಿಂದ ಬಲ ತುದಿಯವರೆಗೆ ಒಂದೊಂದೇ ಮನೆ ಒತ್ತಿ, ಜಿರ್ ಅನ್ನುವುದನ್ನು ಗುರುತು ಮಾಡಿಕೊಳ್ಳಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಮರ ಉಬ್ಬಿ ಮನೆ ಅಂಟಿಕೊಳ್ಳುತ್ತದೆ ಅನ್ನೋದನ್ನೂ ತಲೆಯಲ್ಲಿಟ್ಟುಕೊಳ್ಳಿ.

ದುಡ್ಡೇ ಖರ್ಚು ಮಾಡೋಕೆ ಆಗಲ್ಲ ಅಂದರೆ ಇರುವ ಗಿಟಾರನ್ನೇ ಹೊಸ ವಾದ್ಯ ಮಾಡಬಹುದು. ಆರನೇ, ಐದನೇ ಮತ್ತು ಒಂದನೇ ತಂತಿಯನ್ನು ಎರಡೆರಡು ಫ್ರೆಟ್‌ನಷ್ಟು ಸಡಿಲ ಮಾಡಿ. ಆಗ ಮೇಲಿನಿಂದ ಕೆಳಕ್ಕೆ ಡಿ, ಜಿ, ಡಿ, ಜಿ, ಬಿ, ಡಿ. ಜಿಯನ್ನು ಸ ಅಂದುಕೊಂಡರೆ ಪ ಸ ಪ ಸ ಗ ಪ. ತಾನ್ಪುರದ ಹತ್ತಿರ ಬಂದಿರಲ್ಲಾ! ಏನೂ ಒತ್ತದೆ ಮೀಟಿ, ಮೇಲೆ ಹಾಡಿ. ಎರಡನೇ ತಂತಿಯನ್ನು ಇನ್ನೊಂದು ಫ್ರೆಟ್‌ನಷ್ಟು ಇಳಿಸಿದರೆ ಗಾಂಧಾರ (ಗ) ಕೋಮಲ ಆಗುತ್ತದೆ, ಅಂದರೆ ಅರ್ಧ ಸ್ವರ ಇಳಿಯುತ್ತದೆ, ಇಡೀ ಗಿಟಾರಿನ ಮುಖ ಬಾಡುತ್ತದೆ. ಹಳೇ ಕಾರ್ಡ್ ಒತ್ತೋಕೆ ಹೋದರೆ ಕರ್ಕಶ ಕೇಳಿಸುತ್ತದೆ. ಅದೇ ಇದರ ಲಾಭ.

ಮೊದಲ ಹಾಡು

ವಾದ್ಯ ಬಂದ ವಾರದಲ್ಲೇ ಒಂದು ಹಾಡು ಮಾಡಿ. ಕಲಿತ ಮೇಲೆ ಮಾಡುತ್ತೇನೆ ಅಂದರೆ ಆಗಲ್ಲ. ಮೂರು ಸ್ವರ ಸಾಕು. ದುಃಖದ ಬಗ್ಗೆ ಬರೆಯೋಕೆ ಹೋಗಬೇಡಿ, ಬರೆದರೆ "ಕಣ್ಣೀರು", "ಕತ್ತಲು", "ನೀನಿಲ್ಲದ" ಇವೇ ಸಾಲಾಗಿ ಬಂದು ನಿಲ್ಲುತ್ತವೆ. ಮನೆಯಲ್ಲಿ ಈಗ ಕಣ್ಣಿಗೆ ಬೀಳುವ ಒಂದು ವಸ್ತು ತಗೊಳ್ಳಿ. ಅದನ್ನು ಮಾತಾಡುವ ಹಾಗೆ ಒಂದು ಸಾಲಲ್ಲಿ ಹೇಳಿ. ಉದಾಹರಣೆಗೆ:

ಕನ್ನಡಕದ ಡಬ್ಬಿಯೊಳಗೆ ಬಸ್ಸು ಚೀಟಿ ಒಂದು

ತೊಡೆ ತಟ್ಟುತ್ತಾ ಹೇಳಿ ನೋಡಿ. ಕನ್ನ-ಡಕದ-ಡಬ್ಬಿ-ಯೊಳಗೆ-ಬಸ್ಸು-ಚೀಟಿ-ಒಂದು. ಮೂರು ಮಾತ್ರೆಯ ಏಳು ಗಣ, ಎಂಟನೆಯದು ಖಾಲಿ. ಆ ಖಾಲಿ ಜಾಗದಲ್ಲಿ ಉಸಿರು ತಗೊಳ್ಳಿ, ವಾದ್ಯ ಮಾತ್ರ ನುಡಿಯಲಿ. ಈಗ ಸ್ವರ. ಮಧ್ಯಮಾವತಿಯಲ್ಲೇ ಇರೋಣ. ಮೊದಲ ಎರಡು ಗಣ ಸ ಮೇಲೆ. "ಡಬ್ಬಿ" ರಿ ಮೇಲೆ, "ಯೊಳಗೆ" ಮತ್ತೆ ಸ. "ಬಸ್ಸು" ಮ ಮೇಲೆ, "ಚೀಟಿ" ರಿ, "ಒಂದು" ಸ. ಇಷ್ಟೇ. ಮುಂದಿನ ಸಾಲಿಗೆ ಅದೇ ಅಳತೆ: ಯಾವ ಊರಿನ ಚೀಟಿ, ಎಷ್ಟು ರೂಪಾಯಿ, ಯಾಕೆ ಹೋಗಿದ್ದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹಾಡಿ. ಅಳು ಬಂದರೆ ನಿಲ್ಲಿಸಿ, ವಾದ್ಯ ಮಾತ್ರ ಮುಂದುವರಿಸಿ, ಬೆರಳು ತನ್ನ ಕೆಲಸ ಮಾಡುತ್ತಿರಲಿ.

ಫೋನಿನಲ್ಲಿ ರೆಕಾರ್ಡ್ ಮಾಡಿ, ತಾರೀಖು ಹಾಕಿ ಇಡಿ. ಅದೇ ರಾತ್ರಿ ಕೇಳಬೇಡಿ. ಸುಸ್ತಾದ ಕಿವಿಗೆ ಎಲ್ಲವೂ ಕೆಟ್ಟದಾಗಿಯೇ ಕೇಳಿಸುತ್ತದೆ. ಮನೆಯವರಿಗೆ, ಗೆಳೆಯರಿಗೆ ಕೂಡಲೇ ಕಳಿಸೋದೂ ಬೇಡ. ಅವರು ಹಾಡನ್ನು ಬಿಟ್ಟು ನಿಮ್ಮನ್ನು ನೋಡಿ ಉತ್ತರ ಕೊಡುತ್ತಾರೆ, "ಪಾಪ" ಅನ್ನುತ್ತಾರೆ. ಹೊಸ ಹಾಡಿಗೆ ಅದಕ್ಕಿಂತ ಕೆಟ್ಟ ಗೊಬ್ಬರ ಇನ್ನೊಂದಿಲ್ಲ.

ಕೊಳ್ಳುವ ವಿಷಯ

ದುಃಖದಲ್ಲಿ ಕೈ ಸಡಿಲ ಆಗುತ್ತದೆ. ರಾತ್ರಿ ಎರಡು ಗಂಟೆಗೆ ಫೋನು ನೋಡುತ್ತಾ ಇಎಂಐ ಮೇಲೆ ದುಬಾರಿ ಕೀಬೋರ್ಡ್ ಆರ್ಡರ್ ಮಾಡಿದವರು ನನಗೆ ಗೊತ್ತು. ಮೊದಲು ಕೇಳಿ ತನ್ನಿ. ನಮ್ಮ ಬೀದಿಗಳಲ್ಲಿ ಮಕ್ಕಳು ಕಲಿತು ಬಿಟ್ಟ ಯುಕುಲೇಲಿ, ಅಜ್ಜನ ಹಾರ್ಮೋನಿಯಂ ಎಷ್ಟೋ ಮನೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿವೆ. ಸಾಧಾರಣ ಕಲಿಂಬಾ ಒಂದೆರಡು ಸಾವಿರ ರೂಪಾಯಿಯೊಳಗೆ ಬರುತ್ತದೆ. ಬೆಂಗಳೂರಿನವರು ಬಳೇಪೇಟೆಯ ವಾದ್ಯದ ಅಂಗಡಿಗಳಿಗೆ ಒಂದು ಮಧ್ಯಾಹ್ನ ಸುಮ್ನೆ ಹೋಗಿ ಬನ್ನಿ, ಮುಟ್ಟಿ ನೋಡಿ, ಕೊಳ್ಳದೆ ವಾಪಸ್ ಬನ್ನಿ. ಬೆಳಗಾವಿ, ಧಾರವಾಡದ ಕಡೆಯವರಿಗೆ ಮಿರಜ್ ಹತ್ತಿರ. ಅಲ್ಲಿಯ ಸಿತಾರ್, ತಾನ್ಪುರಗಳಿಗೆ 2024ರಲ್ಲಿ ಜಿಐ ಟ್ಯಾಗ್ (ಆ ಊರಿನ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ) ಕೂಡ ಸಿಕ್ಕಿದೆ. ಸೋರೆಬುರುಡೆ ಒಣಗಿಸಿ ಮಾಡುವ ವಾದ್ಯ, ಬೆಲೆ ಜಾಸ್ತಿ. ಹಾಗಾಗಿ ತಾನ್ಪುರ ಎರಡನೇ ವರ್ಷದ ಮಾತು.

ವಾದ್ಯದಿಂದ ಆಗದ ಕೆಲಸ

ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೋದೇ ಬೇಡ ಅನ್ನಿಸುತ್ತಿದೆ ಅಂದರೆ ಕಲಿಂಬಾ ಅದಕ್ಕೆ ಮದ್ದಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಅಲ್ಲಿಗೆ ಫೋನ್ ಮಾಡಿ. ಹಾಡು ಆಮೇಲೆ. ಕೈಗೆ ಪೆಟ್ಟಾದವರು, ಪಾರ್ಶ್ವವಾಯು ಆದವರು ಫಿಸಿಯೊಥೆರಪಿಯವರಿಗೆ ವಾದ್ಯ ತೋರಿಸಿ, ಹೇಗೆ ಹಿಡಿಯಲಿ ಅಂತ ಕೇಳಿ. ಎಷ್ಟೋ ಸಲ ಅವರೇ ಅದನ್ನು ವ್ಯಾಯಾಮದಲ್ಲಿ ಸೇರಿಸುತ್ತಾರೆ. ಜೋನಿ ಮಿಚೆಲ್ 2015ರಲ್ಲಿ ಮೆದುಳಿನ ರಕ್ತನಾಳದ ತೊಂದರೆಯಿಂದ ಬಿದ್ದ ಮೇಲೆ, ಬೆರಳು ಎಲ್ಲಿಡಬೇಕು ಅಂತ ತಮ್ಮದೇ ಹಳೇ ವಿಡಿಯೊ ನೋಡಿ ಗಿಟಾರನ್ನು ಮತ್ತೆ ಕಲಿತರು. 2022ರಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆ ಮೇಲೆ ನುಡಿಸಿದರು. ನಡುವೆ ಎಷ್ಟು ವರ್ಷ ಹೋಯಿತು ಲೆಕ್ಕ ಹಾಕಿಕೊಳ್ಳಿ, ಅವಸರ ಇರುವವರು.

ಜನರ ಮುಂದೆ

ಯಾರಾದರೂ ಹಾಡೋಕೆ ಕರೆದರೆ ಹೊಸ ವಾದ್ಯದಲ್ಲಿ ಒಂದೇ ಹಾಡು ಇಟ್ಟುಕೊಳ್ಳಿ, ಅದೂ ನಡುವಿನಲ್ಲಿ. ಮೊದಲನೆಯದಾದರೆ ಕೈ ನಡುಗುತ್ತದೆ, ಕೊನೆಯದಾದರೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಕಲಿಂಬಾಕ್ಕೆ ಎದುರಿನ ಮೈಕ್ ಸಾಲದು. ಮರದ ಮೈಗೆ ಕ್ಲಿಪ್ ಹಾಕುವ ಪಿಕಪ್ (ಮರದ ಕಂಪನವನ್ನೇ ಹಿಡಿಯುವ ಸಣ್ಣ ಮೈಕ್) ಒಂದು ತಗೊಂಡು ಹೋಗಿ, ಸೌಂಡಿನವರಿಗೆ ಮುಂಚೆಯೇ ಹೇಳಿ. ಹಾಡಿನ ಹಿಂದಿನ ಕಥೆ ಹೇಳಲೇಬೇಕು ಅಂತ ಯಾರೂ ಕೇಳಿಲ್ಲ. ರಾಗದ ಹೆಸರು ಹೇಳಿ, ಶ್ರುತಿ ನೋಡಿಕೊಳ್ಳಿ, ಶುರು ಮಾಡಿ.